ಬಾನಿಯಲ್ಲಿ ಮಿಂದ ಮೋಟರ್ ಸೈಕಲ್

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾಮನ ಮೋಟರ್ ಸೈಕಲ್ಲಿಗೆ ಬಳಿದದ್ದು ಎಲೆ ಹಸಿರೋ ಗಿಳಿ ಹಸಿರೋ ಎಂದು ಕೇಳಿದರೆ ನನ್ನ ಬಿ.ಎ. ಪದವಿ ನೆರವಿಗೆ ಬರುವುದಿಲ್ಲ. ಒಂದನ್ನು ಮಾತ್ರ ಆಣೆಯಿಟ್ಟು ಹೇಳಬಲ್ಲೆ. ಹೆಂಡತಿಯನ್ನು ತವರಿನಿಂದ ಕರೆತರಬೇಕೆಂದು, ಇದ್ದ ಒಂದು ವಾಹನವನ್ನೂ ತಿರುಪು ತಿರುಪಾಗಿ ಬಿಚ್ಚಿ ಕೂತ ಗಂಡಸು ಇಡೀ ಮೊಳಕಾಲ್ಮೂರಿನಲ್ಲಿ ಅವರೊಬ್ಬರೇ!

ಮಾಮ ಎಂದರೆ ನನ್ನ ತಾಯಿಯ ತಮ್ಮ. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ, ಹಿತ್ತಿಲಲ್ಲಿ ನೂಲಿಗೆ ಬಣ್ಣ ಹಾಕುವ ಬಾನಿ. ಮೋಟರು ಒಬ್ಬ ಬಿಳಿಯ ಎಂಜಿನಿಯರ್ ಊರು ಬಿಡುವಾಗ ಬಿಟ್ಟುಹೋದದ್ದು. ವಯಸ್ಸಿನಲ್ಲಿ ನನಗಿಂತ ಹಿರಿಯದು. ನೋಡಲು ಬಡಕಲು ಸೈಕಲ್ಲಿಗೆ ಹೊಟ್ಟೆ ಬಂದಂತೆ. ತಳ್ಳಿಕೊಂಡು ಓಡಿ ಅದರ ಮೇಲೆ ನೆಗೆಯಬೇಕು, ಆಗ ಹೊರಡುತ್ತದೆ. ನಿಲ್ಲಿಸಿದರೆ ಎಂಜಿನ್ನೂ ಸತ್ತುಹೋಗುತ್ತದೆ. ಪೆಟ್ರೋಲಿನ ಜೊತೆಗೆ ಅದಕ್ಕೆ ಕುಡಿಸುತ್ತಿದ್ದದ್ದು ಹರಳೆಣ್ಣೆ. ಅದು ಹಾದುಹೋದ ದಿನ ಬೀದಿಯ ಮಕ್ಕಳಿಗೆ ಬೇರೆ ಭೇದಿಯ ಔಷಧ ಬೇಡ ಎನ್ನುತ್ತಿದ್ದರು.

ಅತ್ತೆ ಊಟಕ್ಕೆ ಕರೆದರೆ ಮಾಮ ಮೋಟರನ್ನೇ ನೋಡುತ್ತ "ಹ್ಞೂಂ" ಎನ್ನುತ್ತಿದ್ದರು. ಆ ಹ್ಞೂಂ ತನಗೋ ಎಂಜಿನ್ನಿಗೋ ತಿಳಿಯದೆ ಅವಳು ಎಷ್ಟು ವರ್ಷ ಕಾದಳೋ. ಒಂದು ದಿನ ಟ್ರಂಕು ಹಿಡಿದು ಚಳ್ಳಕೆರೆಯ ತವರಿಗೆ ಹೋದಳು. "ನಾನು ಮನೇಲಿ ಇದೀನೋ ಇಲ್ವೋ ಅಂತ ಆತನಿಗೆ ಗೊತ್ತಾಗ್ಲಿ ಅಂತ ಬಂದೀನಿ, ಅಷ್ಟೆ," ಎಂದು ನನ್ನ ತಾಯಿಗೆ ಹೇಳಿದ್ದಳಂತೆ.

ಗೊತ್ತಾಗಿತ್ತು. ಮೈಸೂರಿನಿಂದ ರಜೆಗೆ ಬಂದ ನಾನು ನೋಡಿದಾಗ ಮಾಮ ಅಡುಗೆಮನೆಯಲ್ಲಿ ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತಿದ್ದರು. ಬಸ್ಸು ಹತ್ತಿ ಹೋಗಿ ಕರೆದುಕೊಂಡು ಬನ್ನಿ ಎಂದೆ.

"ಬಸ್ಸಿನಾಗೆ ಹೋದ್ರೆ ಕರಿಯಾಕೆ ಬಂದ ಅಂತಾರೆ, ಪುಟ್ಟಿ. ಮೋಟರಿನಾಗೆ ಹೋದ್ರೆ, ಹಿಂಗೇ ಬಂದಿದ್ದೆ ಅನ್ನಬೋದು."

ಈ ತರ್ಕಕ್ಕೆ ಯಾವ ಕಾಲೇಜಿನಲ್ಲಿ ಉತ್ತರ ಕಲಿಸುತ್ತಾರೆ? ಅಲ್ಲದೆ, ಮೋಟರಿನ ಕಪ್ಪು ಬಣ್ಣ ಎಮ್ಮೆಯ ಹಾಗಿದೆ ಎಂದು ಅತ್ತೆ ಹಿಂದೊಮ್ಮೆ ಆಡಿಕೊಂಡಿದ್ದಳಂತೆ. ಹಾಗಾಗಿ ಮೊದಲು ಬಣ್ಣ, ಆಮೇಲೆ ಹೆಂಡತಿ.

ಬಿಚ್ಚಿದ ಪ್ರತಿ ಭಾಗಕ್ಕೂ ಮಾಮ ಒಂದೊಂದು ಬಣ್ಣದ ರೇಷ್ಮೆ ಎಳೆ ಕಟ್ಟಿದರು. ಕೆಂಪು ಮುಂದಿನ ಚಕ್ರದ್ದು, ಹಳದಿ ಎಂಜಿನ್ನಿನದು, ನೇರಳೆ ಬ್ರೇಕಿನದು. ನಾನು ಬೆರಗಾದೆ. ಮರುದಿನ ಬಾನಿಯ ತುಂಬ ಹಸಿರು ಪೇಂಟು ಕದಡಿ, ನೂಲಿನ ಲಡಿಗಳನ್ನು ಕೋಲಿಗೆ ಇಳಿಬಿಟ್ಟು ಅದ್ದುವಂತೆಯೇ ಎಲ್ಲ ಭಾಗಗಳನ್ನೂ ಅದ್ದಿ ಅದ್ದಿ ಎತ್ತಿದರು. ಎಳೆಗಳ ಸಮೇತ!

ಒಣಗಿದ ಮೇಲೆ ನೋಡಿದರೆ ಕೆಂಪೂ ಹಸಿರು, ಹಳದಿಯೂ ಹಸಿರು. ಪಕ್ಕದ ಮನೆಯ ನೇಕಾರ ಗೋಡೆಯ ಮೇಲಿಂದ ಇಣುಕಿ, "ಏಂ ಬಾವಾ, ಇದು ಮೋಟರೋ ಬಾಳೆತೋಟವೋ?" ಎಂದ. ತಿರುಪುಗಳ ಸುರುಳಿಯಲ್ಲೆಲ್ಲ ಪೇಂಟು ಗಟ್ಟಿಯಾಗಿ ಕೂತಿತ್ತು. ಮಾಮ ಜಗಲಿಯಲ್ಲಿ ಕೂತು ದಬ್ಬಳದಿಂದ ಕೆರೆದರು, ಜೋಡಿಸಿದರು, ತಪ್ಪೆಂದು ಬಿಚ್ಚಿದರು. ಒಮ್ಮೆ ಒಂದು ತುಂಡನ್ನು ಎತ್ತಿ ಹಿಡಿದು, ಅಭ್ಯಾಸಬಲದಿಂದ ಅಡುಗೆಮನೆಯ ಕಡೆಗೆ, "ಇದು ಎಲ್ಲೀದೇ?" ಎಂದು ಕೇಳಿದರು. ಒಳಗಿದ್ದ ನಾನು "ಏನು ಮಾಮ?" ಎಂದೆ.

"ನಿನ್ನ ಕೇಳಿದ್ದಲ್ಲ," ಎಂದರು. ಮತ್ತೆ ದಬ್ಬಳದ ಕೆರೆತ ಶುರುವಾಯಿತು.

ಅಂತೂ ಮೋಟರು ಎದ್ದು ನಿಂತಿತು, ಓಡಿತು ಕೂಡ! ಒಂದು ಹಿಡಿ ತುಂಡುಗಳು ಮಿಕ್ಕಿದ್ದವು. "ಇವಿಲ್ದೆ ಓಡ್ತೈತೆ ಅಂದ್ರೆ ಇವು ಬೇಡಾಗಿದ್ವು," ಎಂದು ಅವನ್ನು ಜೇಬಿಗೆ ಹಾಕಿಕೊಂಡರು. ಹೆಂಡತಿಯ ವಿಷಯದಲ್ಲೂ ಹೀಗೆ ಅಂದುಕೊಳ್ಳಲು ಬಂದಿದ್ದರೆ ಅವರಿಗೆ ಈ ಪಾಡೆಲ್ಲಿತ್ತು?

ನಾನು ಬಸ್ಸಿನಲ್ಲಿ ಮುಂಚಿತವಾಗಿ ಚಳ್ಳಕೆರೆಗೆ ಹೋದೆ. ಏನೂ ಹೇಳಬೇಡ ಎಂದಿದ್ದರು, ಎಲ್ಲವನ್ನೂ ಹೇಳಿದೆ. ಅತ್ತೆ ಎದ್ದು ತಲೆ ಬಾಚಿಕೊಂಡಳು. ಟ್ರಂಕು ಬಾಗಿಲ ಹಿಂದಕ್ಕೆ ಬಂದದ್ದನ್ನು ನಾನು ನೋಡಿದೆನೋ, ನೋಡಬೇಕೆಂಬ ಆಸೆಯಿಂದ ಈಗ ತಂದಿಡುತ್ತಿದ್ದೇನೋ ಗೊತ್ತಿಲ್ಲ, ನಂಬಬೇಡಿ.

ಮೊದಲು ಹರಳೆಣ್ಣೆಯ ವಾಸನೆ ಬಂತು, ಆಮೇಲೆ ಸದ್ದು, ಆಮೇಲೆ ಹುಬ್ಬಿನವರೆಗೂ ಧೂಳಾದ ಮಾಮ. ಮನೆಯ ಮುಂದೆ ನಿಲ್ಲಿಸಿದರು, ಎಂಜಿನ್ ಸತ್ತಿತು.

"ಹಿಂಗೇ ಬಂದಿದ್ದೆ," ಎಂದರು.

ಅತ್ತೆ ಮೆಟ್ಟಿಲಿಳಿದು ಮೋಟರಿನ ಸುತ್ತ ಒಂದು ಸುತ್ತು ಬಂದಳು. "ಚಂದ ಐತೆ," ಎಂದಳು. ಆಮೇಲೆ ಮೆಲ್ಲಗೆ, "ನಾನೆಲ್ಲಿ ಕೂರ್ಲಿ?"

ಮಾಮ ಸೀಟಿನ ಕಡೆ ನೋಡಿದರು. ಇದ್ದದ್ದು ಒಂದೇ, ಅಂಗೈಯಗಲದ ಸೀಟು. ಅಷ್ಟು ಸಲ ಬಿಚ್ಚಿ ಕಟ್ಟಿದ ಮನುಷ್ಯ ಅದನ್ನು ಅವತ್ತೇ ಮೊದಲ ಸಲ ನೋಡಿದಂತೆ ನೋಡಿದರು. ಎದುರಿನ ಎಣ್ಣೆಗಾಣದವರು ನಕ್ಕರು. ಮಾಮ ಹ್ಯಾಂಡಲ್ ಹಿಡಿದರು. ಮೋಟರನ್ನು ತಿರುಗಿಸಿ ತಳ್ಳಿಕೊಂಡು ಓಡಿದರು. ಅದು ಹೊರಡಲಿಲ್ಲ. ಓಟ ನಡಿಗೆಯಾಯಿತು, ನಡಿಗೆ ನಿಧಾನವಾಯಿತು. ಮೊಳಕಾಲ್ಮೂರಿನ ದಾರಿ ಹಿಡಿದು, ತಳ್ಳುತ್ತ, ಹಿಂದಿರುಗಿ ನೋಡದೆ ಹೋದರು.

ಮತ್ತೆ ಅವರು ಬರಲಿಲ್ಲ, ಅತ್ತೆಯೂ ಹೋಗಲಿಲ್ಲ. ಮಾಮ ತೀರಿಹೋಗಿ ಬಹಳ ಕಾಲವಾಯಿತು. ಹೋದ ಸಲ ಚಳ್ಳಕೆರೆಗೆ ಹೋದಾಗ ಅತ್ತೆ ಹಜಾರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅತ್ತೆ, ಅವತ್ತು ಮಾಮ ಅಷ್ಟು ನಿಧಾನವಾಗಿ ನಡೀತಿದ್ರಲ್ಲ, ನೀನು ಹಿಂದೆ ಬರ್ಲಿ ಅಂತಾನಾ?"