ಎಚ್ಚರಿಕೆ ರಾಯರ ಕಂಠ

ಎಚ್ಚರಿಕೆ ರಾಯರಿಗೆ ಆ ಅಡ್ಡಹೆಸರು ಬಿದ್ದದ್ದು ಕಸುಬಿನಿಂದ. ಮದ್ಯದ ಜಾಹೀರಾತಿನಲ್ಲಿ ಕುಣಿಯುವವರು, ನಗುವವರು ಬೇರೆ. ಕೊನೆಗೆ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎನ್ನುವ ಕಂಠ ಮಾತ್ರ ಇವರದು. ಇಷ್ಟು ದಿನ ಅದನ್ನು ಬಸ್ಸು ತಪ್ಪಿಹೋಗುತ್ತದೆಯೇನೋ ಎಂಬಂತೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು. ಈಗ ಹೊಸ ಕಾನೂನು ಬಂತು: ನಿಧಾನವಾಗಿ, ಮನಸ್ಸಿಗೆ ನಾಟುವಂತೆ ಹೇಳಬೇಕು. ನಲವತ್ತನೇ ಸಲ ಹೇಳಿದಾಗ ರೆಕಾರ್ಡಿಂಗ್‌ನವನು, "ಸಾಕು ಸಾರ್, ನಂಗೇ ಹೆದರಿಕೆ ಆಗ್ತಿದೆ" ಎಂದ. ರಾಯರು ಹಿಗ್ಗಿ ಹೀರೇಕಾಯಿಯಾದರು.

ಆ ಅಮೋಘ ಕಂಠಕ್ಕೂ ಆಗಾಗ ಒಂದು ಗುಟುಕು ಬೇಕಿತ್ತು (ಕಸುಬು ಬೇರೆ, ಕುಡಿತ ಬೇರೆ ಎಂಬುದು ಅವರ ಸಿದ್ಧಾಂತ). ಡಾಕ್ಟರು ಲಿವರ್ ಫೋಟೋ ತೋರಿಸಿ ಕೈಚೆಲ್ಲಿದ ದಿನವೇ, ಬಿಟ್ಟೆನೆಂದು ಹೆಂಡತಿಗೆ ಮಾತು ಕೊಟ್ಟಿದ್ದರು.

ಭಾನುವಾರ ಮಧ್ಯಾಹ್ನ. ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ರಾಯರು ಕಳ್ಳಹೆಜ್ಜೆ ಇಟ್ಟು ಕಂಬಳಿಯ ಬೀರು ತೆರೆದರು. ಒಳಗಿನಿಂದ ಅವರದೇ ಧ್ವನಿ ನಿಧಾನವಾಗಿ ಹೇಳಿತು: "ಮದ್ಯಪಾನ... ಆರೋಗ್ಯಕ್ಕೆ... ಹಾನಿಕರ."

ಬಾಗಿಲು ಮುಚ್ಚಿದರು. ನಿಶ್ಶಬ್ದ. ತೆರೆದರು. ಮತ್ತೆ ಅದೇ! ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು, ಮುಚ್ಚಿಯೇ ಇತ್ತು. ಮಹಡಿಗೆ ಓಡಿದರು.

"ತಪ್ಪಾಯ್ತು ಕಣೇ! ಕಂಬಳಿ ಹಿಂದೆ ಒಂದು ಬಾಟ್ಲಿ ಇದೆ, ಹೊಲಿಗೆ ಮಿಷನ್ ಕೆಳಗೊಂದಿದೆ, ಅಟ್ಟದ ಮೇಲೊಂದಿದೆ!"

ಹೆಂಡತಿ ಕೆಳಗಿಳಿದು, ಕಂಬಳಿಗಳ ನಡುವಿನಿಂದ ಅಕ್ಕನ ಮಗಳ ಮಾತಾಡುವ ಗೊಂಬೆಯನ್ನು ತೆಗೆದಳು. ಕೇಳಿದ್ದನ್ನು ಹಿಡಿದಿಟ್ಟುಕೊಂಡು, ಬೆಳಕು ಬಿದ್ದ ಕೂಡಲೇ ಒಪ್ಪಿಸುವ ಗೊಂಬೆ ಅದು. ಜಾಹೀರಾತು ಬಂದಾಗ ಹೆಂಡತಿಯೇ ಅದನ್ನು ರೇಡಿಯೋ ಮುಂದೆ ಹಿಡಿದು, ಬಾಟ್ಲಿಯ ಪಕ್ಕ ಇಟ್ಟಿದ್ದಳಂತೆ.

"ನಂಗೆ ಗೊತ್ತಿದ್ದಿದ್ದು ಇದೊಂದೇ ಬಾಟ್ಲಿ ರೀ. ಉಳಿದೆರಡನ್ನ ನೀವೇ ಬಾಯಿಬಿಟ್ರಿ."

ಮೂರೂ ಬಚ್ಚಲು ಸೇರಿದವು. ಆಕೆ ಗೊಂಬೆಯ ಸೆಲ್ಲು ಕಿತ್ತು ಮೇಜಿನ ಮೇಲಿಟ್ಟು ಕೇಳಿದಳು, "ಇನ್ನೂ ಎಲ್ಲಾದ್ರೂ ಇದ್ಯಾ?"

ಬಾಗಿಲ ಪಕ್ಕದ ಬೂಟಿನ ಪೆಟ್ಟಿಗೆಯಲ್ಲಿ ನಾಲ್ಕನೆಯದಿತ್ತು. ರಾಯರು ಅತ್ತ ನೋಡದೆ ಆಕೆಯ ತಲೆಯ ಮೇಲೆ ಕೈಯಿಟ್ಟರು.

"ನಿನ್ನಾಣೆಗೂ ಇಲ್ಲ!"

ಮುಚ್ಚಿದ ಬೂಟಿನ ಪೆಟ್ಟಿಗೆಯೊಳಗಿನಿಂದ ಆ ಕಂಠ ಒಂದಿಷ್ಟೂ ಅವಸರವಿಲ್ಲದೆ ನುಡಿಯಿತು: "ಸುಳ್ಳಾಣೆ... ಹೆಂಡತಿಯ ಆಯಸ್ಸಿಗೆ... ಹಾನಿಕರ."

ಹೆಂಡತಿಯ ಮುಖ ಬಿಳಿಚಿಕೊಂಡಿತು. ಗೊಂಬೆ ನೋಡಿದಳು, ಸೆಲ್ಲು ನೋಡಿದಳು, ಗಂಡನ ಮುಖ ನೋಡಿದಳು.

"ರೀ... ಈಗ ನೀವೇನಾದ್ರೂ ಅಂದ್ರಾ?"

ಇಲ್ಲ ಎನ್ನಲು ರಾಯರು ಬಾಯಿ ತೆರೆದರು. ಧ್ವನಿಯೇ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಬರೀ ಗಾಳಿ. ಕಡೆಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಬೆರಳಿನಿಂದ ಬೂಟಿನ ಪೆಟ್ಟಿಗೆಯನ್ನು ತೋರಿಸಿದರು.