ಒಳಗೆ ಒಣಗಿದ ಸೀರೆ

ಪ್ಯಾಂಟಿನಲ್ಲಿ ಎಲ್ಲಕ್ಕಿಂತ ಕೊನೆಗೆ ಒಣಗುವುದು ಜೇಬಿನ ಒಳಚೀಲ. ಕಾಲುಗಳು ಒಣಗಿರುತ್ತವೆ, ಸೊಂಟದ ಪಟ್ಟಿಯೂ ಒಣಗಿದಂತೆ ನಟಿಸುತ್ತದೆ. ತೊಟ್ಟುಕೊಂಡು ಬಸ್ಸು ಹತ್ತಿ, ಚಿಲ್ಲರೆಗೆಂದು ಕೈ ಹಾಕಿದಾಗ ಒಳಗೆ ಕಪ್ಪೆಯನ್ನು ಮುಟ್ಟಿದಂತಾಗುತ್ತದೆ. ನಾಸಿಕ್‌ನ ಅಂಬಡ್‌ನಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಕಂಡರೂ ಸರಕನ್ನು ವಾಪಸು ಕಳಿಸುವ ಅಧಿಕಾರ ನನಗಿದೆ. ಆದರೆ ಒಂದು ಲಂಗ ಒಣಗಿದೆಯೋ ಇಲ್ಲವೋ ಎಂದು ಹೇಳುವ ಉಪಕರಣ ನಮ್ಮಲ್ಲಿಲ್ಲ. ಅದಕ್ಕೆ ಈಗಲೂ ಕೆನ್ನೆಯೇ ಗತಿ.

ನಾನಿರುವುದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಬಿಸಿಲು ಅಲ್ಲಿಗೆ ವಿಳಾಸ ಕೇಳಿಕೊಂಡೇ ಬರಬೇಕು. ಹಾಗಾಗಿ ಮಳೆಗಾಲದಲ್ಲಿ ನಾನು ಮಾಡದ ಪ್ರಯೋಗವಿಲ್ಲ. ಫ್ಯಾನಿನ ಕೆಳಗೆ ಕುರ್ಚಿಗಳನ್ನು ಎದುರುಬದುರು ಕೂರಿಸಿ, ಅವುಗಳ ಬೆನ್ನಿಗೆ ಕುರ್ತಾ ಹೊದಿಸಿದ್ದೇನೆ. ಯಾರೋ ಸಂಬಂಧ ಮಾತಾಡಲು ಬಂದು ಮೌನವಾಗಿ ಕುಳಿತಂತೆ ಕಾಣುತ್ತಿತ್ತು. ಕಾಲುಚೀಲಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟು, ಸುಟ್ಟ ವಾಸನೆಯನ್ನೂ ಹಸಿ ವಾಸನೆಯನ್ನೂ ಒಟ್ಟಿಗೆ ಸಂಪಾದಿಸಿದ್ದೇನೆ. ಒದ್ದೆ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಹಿಂಡಿದರೆ ಬೇಗ ಒಣಗುತ್ತದೆಂದು ಯಾರೋ ಹೇಳಿದರು. ಬಟ್ಟೆ ಅಷ್ಟಕ್ಕಷ್ಟೇ, ಒಣಗಿದ್ದ ಟವೆಲ್ ಮಾತ್ರ ಒದ್ದೆಯಾಯಿತು. ಇನ್ನು ನಮ್ಮಂಥ ಮನೆಗಳಲ್ಲಿ ಬೆಳೆದ ಹುಡುಗಿಯರ ಹಗ್ಗಕ್ಕೆ ಎರಡು ಅಂತಸ್ತು. ಮೇಲೆ ಊರು ನೋಡಬಹುದಾದ ಟವೆಲ್, ದುಪಟ್ಟಾ. ಕೆಳಗೆ ಊರು ನೋಡಬಾರದ್ದು. ಬಿಸಿಲೂ ಊರಿನ ಪೈಕಿಯೇ ಆದ್ದರಿಂದ ಕೆಳಗಿನದು ಒಣಗುವುದಿಲ್ಲ. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಒಬ್ಬಳೇ ಇರುವಾಗಲೂ ನಾನು ಟವೆಲ್ ಹೊದಿಸುತ್ತೇನೆ. ಯಾರಿಂದ ಮರೆಮಾಡುತ್ತಿದ್ದೇನೆ? ಬಹುಶಃ ಫ್ಯಾನಿನಿಂದ.

ಈ ವಿದ್ಯೆಯಲ್ಲಿ ನಿಜವಾದ ಪಂಡಿತೆ ನನ್ನ ಅವ್ವ. ನಮ್ಮದು ಮೂಲತಃ ಬೀದರ್ ಕಡೆ. ಅಪ್ಪ ಮಹಾರಾಷ್ಟ್ರದ ಸಂಭಾಜಿನಗರಕ್ಕೆ ಬಂದು ಹಗ್ಗ, ಮೊಳೆ, ನಲ್ಲಿ ಮಾರುವ ಸಣ್ಣ ಅಂಗಡಿ ಇಟ್ಟರು. ಅಂಗಡಿಯ ಮೇಲೇ ಮನೆ. ರಸ್ತೆಯ ಕಡೆಗೆ ಉದ್ದನೆಯ ಗ್ಯಾಲರಿ. ಆ ಗ್ಯಾಲರಿಯ ಹಗ್ಗ ಅವ್ವನ ರಾಜ್ಯ. ಅಂಗಿಯನ್ನು ತಲೆಕೆಳಗು, ದಿಂಬಿನ ಚೀಲವನ್ನು ಒಳಮಗ್ಗುಲು, ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಒಮ್ಮೆ ಝಾಡಿಸಿ ಹಾಕಿದಳೆಂದರೆ ಇಸ್ತ್ರಿಯವನಿಗೆ ಕೆಲಸ ಉಳಿಯುತ್ತಿರಲಿಲ್ಲ. ಅವಳು ಊರಿನವರ ಹಗ್ಗಗಳನ್ನು ಓದುತ್ತಲೂ ಇದ್ದಳು. “ಆ ಮನೀಗಿ ಅತ್ತಿ ಬಂದಾಳ, ಸೊಸಿ ಗೌನು ಹಗ್ಗದ ಮ್ಯಾಲಿಂದ ಇಳದದ ನೋಡು” ಅನ್ನುವಳು. ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕಾಲ; ಹೀಗೆ ಇನ್ನೊಬ್ಬರ ಮನೆಯ ಬಟ್ಟೆ ನೋಡಿ ತೀರ್ಪು ಕೊಡುವುದು ಅಸಭ್ಯ ಎಂದು ಹೇಳಿದ್ದೆ. “ಕಣ್ಣಿಗಿ ಕಂಡದ್ದು ಹೇಳಿದ್ರ ಅಸಭ್ಯ ಹ್ಯಾಂಗ ಆಯ್ತದವಾ?” ಎಂದು ಕೇಳಿ, ಮತ್ತೊಂದು ಮನೆಯ ಕಡೆಗೆ ತಿರುಗಿದಳು.

ಹೋದ ಬೇಸಿಗೆಯ ಕೊನೆಯಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಸ್ವಲ್ಪ ಎಡವಿ, ಮತ್ತೆ ಎದ್ದು ನಿಂತಿತು. ಈಗ ಅವಳ ಮಂಚ ಹಾಲ್‌ನಲ್ಲಿದೆ. ಸ್ನಾನ ಮಾಡಿಸಲು ಒಬ್ಬ ಹೆಂಗಸು ಬಂದು ಹೋಗುತ್ತಾಳೆ, ಉಳಿದದ್ದೆಲ್ಲ ಅಪ್ಪನದು. ಅಡುಗೆ ಕಲಿತರು, ಹಣೆಗೆ ವಿಭೂತಿ ಹಚ್ಚಿಕೊಂಡು ಬಚ್ಚಲಲ್ಲಿ ಕುಳಿತು ಅವ್ವನ ನೈಟಿ, ಒಳಗೆ ಉಡುವ ಪರಕರ, ಹಾಸಿಗೆಯ ಬಟ್ಟೆ ಒಗೆಯುವುದನ್ನೂ ಕಲಿತರು. ಒಗೆಯಲು ಅವರಿಗೆ ನಾಚಿಕೆಯಿರಲಿಲ್ಲ, ಬಚ್ಚಲಿಗೆ ಬಾಗಿಲಿದೆ. ಒಣಗಿಸಲು ನಾಚಿಕೆ, ಗ್ಯಾಲರಿಗೆ ಬಾಗಿಲಿಲ್ಲ. ಕೆಳಗೆ ಅಂಗಡಿ, ಎದುರಿಗೆ ಗಿರಾಕಿಗಳು. “ಗಂಡಸು ಹೆಂಡತಿ ಸೀರಿ ಒಣಾ ಹಾಕೂದು ಮಂದಿ ನೋಡಿದ್ರ ಏನಂದಾರು?” ಎಂದು ನನ್ನನ್ನೇ ಕೇಳಿದರು. ಆದ್ದರಿಂದ ಅವರ ಅಂಗಿ, ಧೋತರಗಳು ಗ್ಯಾಲರಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅವ್ವನ ಬಟ್ಟೆಗಳಿಗೆ ಅಂಗಡಿಯಿಂದಲೇ ರಾಟೆ, ಹಗ್ಗ ತಂದು ಅಡುಗೆಮನೆಯ ಸೂರಿಗೆ ಒಂದು ಯಂತ್ರ ಕಟ್ಟಿದರು. ಎಳೆದರೆ ನೈಟಿಗಳು ಮೇಲೇರುತ್ತಿದ್ದವು, ಒಗ್ಗರಣೆಯ ಹೊಗೆ ಕುಡಿಯುತ್ತ ಒಣಗುತ್ತಿದ್ದವು. ಅವ್ವನ ಮೈಯಿಂದ ಮುಗ್ಗಲು ಮತ್ತು ಸಾಸಿವೆಯ ವಾಸನೆ ಬರತೊಡಗಿತು. ವಾರದ ರಜೆಗೆ ಬಂದಾಗಲೆಲ್ಲ ನನ್ನ ಮೂಗಿಗೆ ಅದು ತಿಳಿಯುತ್ತಿತ್ತು. ಆದರೆ ಅಪ್ಪನ ಯಂತ್ರದ ಬಗ್ಗೆ ನಾನು ಮೆಚ್ಚುಗೆಯನ್ನೇ ಹೇಳಿದೆ.

ಕಳೆದ ಶನಿವಾರ ನಾಸಿಕ್‌ನಿಂದ ಬಂದು ಚೀಲ ಕೆಳಗಿಡುವಷ್ಟರಲ್ಲಿ ಬಾಗಿಲಲ್ಲಿ ಅಳು ಕೇಳಿಸಿತು. ಎದುರು ಮನೆಯ ನೀಲಮ್ಮ, ಈ ಕಡೆಯ ರೂಢಿಯಂತೆ ನನಗೆ ಕಾಕು, ಅಂದರೆ ಚಿಕ್ಕಮ್ಮ. ಕಲಬುರಗಿ ಕಡೆಯವರು, ಮಗಳ ಬಾಣಂತನಕ್ಕೆಂದು ಬೇಸಿಗೆಯಲ್ಲೇ, ಅವ್ವನಿಗೆ ಲಕ್ವಾ ಹೊಡೆಯುವ ಮೊದಲೇ ಊರಿಗೆ ಹೋಗಿದ್ದವರು, ಹಿಂದಿನ ದಿನವಷ್ಟೇ ಮರಳಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಪ್ಪನ ಎದುರು ನಿಂತಿದ್ದರು.

“ಅಣ್ಣಾರ, ಹಿಂಗ ಆಗಬಾರದಿತ್ರೀ.”

ಅಪ್ಪ ತಲೆಯಾಡಿಸಿದರು. “ಏನ್ ಮಾಡೂದ್ರಿ, ದೇವರಿಚ್ಛಾ.”

“ಭಾಳ ತ್ರಾಸ ಆಯ್ತೇನ್ರಿ ಅವರಿಗಿ?”

“ಮೊದಲ ಭಾಳ ಆಯ್ತ್ರಿ. ಈಗ ಆರಾಮ ಅದ.”

ಕಾಕುವಿನ ಅಳು ಒಮ್ಮೆಲೇ ಏರಿತು. “ಹೌದ್ರಿ, ಈಗ ಆರಾಮೇ. ಶಿವನ ಪಾದ ಸೇರಿದ ಮ್ಯಾಲ ಎಲ್ಲಿ ತ್ರಾಸ?”

ಅಪ್ಪ ತಿರುಗಿ ಮಂಚದ ಕಡೆ ನೋಡಿದರು. ನಾನು ಏನಾದರೂ ಹೇಳಬೇಕೆಂದು ತಕ್ಕ ವಾಕ್ಯವೊಂದನ್ನು ಕಟ್ಟುತ್ತಿದ್ದೆ. ಒಬ್ಬರು ಇನ್ನೂ ಬದುಕಿದ್ದಾರೆಂದು ತಿಳಿಸುವ ಶಿಷ್ಟ ರೀತಿಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಮಂಚದಿಂದ ಅವ್ವನ ಎಡವುವ ಮಾತು ಬಂತು: “ನೀಲಮ್ಮಾ, ಅಳೂದು ಮುಗದಿದ್ರ ಒಳಗ ಬಾ. ನಾ ಇನ್ನ ಹೋಗಿಲ್ಲ.”

ಕಾಕು ಒಳಗೆ ಓಡಿದರು. ಅವ್ವನ ಗಲ್ಲ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. “ನನ್ನ ಬಾಯಾಗ ಮಣ್ಣು ಬೀಳಲಿ ಅಕ್ಕಾ. ನಿನ್ನಿಯಿಂದ ನಿಮ್ಮ ಹಗ್ಗ ನೋಡ್ಲಾಕತ್ತೀನಿ. ಒಂದು ಸೀರಿ ಇಲ್ಲ, ಪರಕರ ಇಲ್ಲ, ಬರೇ ಅಣ್ಣಾರ ಧೋತರ. ನಾ ಏನಂತ ತಿಳಕೋಬೇಕು ಹೇಳು?”

“ಖರೇ ಅದ,” ಎಂದಳು ಅವ್ವ. “ನಾನಾದ್ರೂ ಹಂಗೇ ತಿಳಕೋತಿದ್ದೆ.”

ಇಬ್ಬರೂ ನಕ್ಕರು. ನಾನು ಚಹಾ ಮಾಡಿದೆ. ಕಾಕು ಹೋಗುವವರೆಗೆ ಅವ್ವ ನಗುತ್ತಲೇ ಇದ್ದಳು. ಹೋದ ಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಸಂಜೆ ಅಪ್ಪ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಂದರು. ಅವ್ವ ಬಾಯಿ ತೆರೆಯಲಿಲ್ಲ.

“ಹಗ್ಗದ ಮ್ಯಾಲಿಂದ ನನ್ನ ನೀವೇ ಇಳಿಸೀರಿ,” ಅಂದಳು. “ನೀಲಮ್ಮ ಒಬ್ಬಾಕಿ ಬಾಯಿ ಬಿಟ್ಟು ಅತ್ತಳು. ಅಳದೆ ತಿಳಕೊಂಡವರು ಎಷ್ಟ ಮಂದಿನೋ.”

“ಮಂದಿ ಏನ್ ಬೇಕಾದ್ದು ತಿಳಕೊಳ್ಳಲಿ ಬಿಡು,” ಎಂದರು ಅಪ್ಪ.

“ಮಂದಿಗಿ ಅಂಜೇ ಅಲ್ಲೇನು ಒಳಗ ಮುಚ್ಚಿಟ್ಟದ್ದು?”

ಅಪ್ಪ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದರು. ನಮ್ಮ ಮನೆಯಲ್ಲಿ ಗಂಡಸರು ಹೀಗೆಯೇ ಅಳುತ್ತಾರೆಂದು ಕಾಣುತ್ತದೆ. ಮೊದಲಾದರೆ ಅಪ್ಪ ಅಂಗಡಿಯಲ್ಲಿ ಮೊಳೆ ಎಣಿಸುತ್ತಿದ್ದರು.

ಅವ್ವ ನನ್ನನ್ನು ಹತ್ತಿರ ಕರೆದಳು. “ನಾಳಿಗಿ ನಂದೊಂದು ಸೀರಿ ಹೊರಗ ಹಾಕು.”

“ಒಗಿಯೂ ಸೀರಿ ಯಾವುದೂ ಇಲ್ಲವ್ವ. ನೀ ಈಗ ಬರೇ ನೈಟಿ ಉಡತಿ.”

“ಒಗದದ್ದೇ ತೋಯಿಸಿ ಹಾಕು. ಒಗದದ್ದೋ ಒಗೀಲಾರದ್ದೋ, ಹಾದಿಮ್ಯಾಲಿನವರಿಗಿ ಏನ್ ಗೊತ್ತಾಯ್ತದ?”

ಬೆಳಿಗ್ಗೆ ನಾನು ಟ್ರಂಕು ತೆರೆದು ಗಿಣಿಹಸಿರಿನ ಸೀರೆ ತೆಗೆದೆ. ಮಡಿಕೆ ಕೆಡದ, ಇಸ್ತ್ರಿಯಾದ ಸೀರೆ. ಅದನ್ನು ಬಕೆಟ್ಟಿನ ನೀರಿಗೆ ಇಳಿಸುವಾಗ ಕೈ ಹಿಂಜರಿಯಿತು, ಆದರೂ ಇಳಿಸಿದೆ. ಹಿಂಡಿ ಗ್ಯಾಲರಿಗೆ ಒಯ್ದೆ. ಕೆಳಗೆ ಹಾಲಿನ ಅಂಗಡಿಯ ಮುಂದೆ ಜನ ನಿಂತಿದ್ದರು. ಅಪ್ಪನ ಗಿರಾಕಿಗಳೇ ಹೆಚ್ಚು. ಅಪ್ಪ ಹೊಸ್ತಿಲಿನ ಒಳಗೆ, ಗಡಿ ಕಾಯುವವರಂತೆ ನಿಂತಿದ್ದರು. ನಾನು ನಿರಿಗೆಯ ಕಡೆಯ ತುದಿಯನ್ನು ಎದೆಗೆ ಅವಚಿಕೊಂಡು ಸೆರಗಿನ ತುದಿಯನ್ನು ಅವರತ್ತ ಚಾಚಿದೆ.

“ಅಪ್ಪಾ, ನನಗ ಹಗ್ಗ ನಿಲುಕವಲ್ದು. ನೀವು ಹಾಕ್ರಿ.”

ಅಪ್ಪ ಹಗ್ಗ ನೋಡಿದರು, ನನ್ನನ್ನು ನೋಡಿದರು. ನಾನು ಅವರಿಗಿಂತ ನಾಲ್ಕು ಬೆರಳು ಎತ್ತರ. ಹಾಲಿನ ಅಂಗಡಿಯ ಮುಂದೆ ಯಾರೋ ಕತ್ತೆತ್ತಿದರು. ಒಳಗಿನಿಂದ ಅವ್ವ, “ಮೊದಲು ಝಾಡಿಸ್ರಿ! ಅಂಚಿಗಿ ಅಂಚು ಕೂಡಲಿ!” ಎಂದು ಕೂಗಿದಳು. ಅಪ್ಪ ಹೊಸ್ತಿಲು ದಾಟಿ, ಸೆರಗು ಹಿಡಿದು ಒಮ್ಮೆ ಝಾಡಿಸಿ, ಹಿಮ್ಮಡಿ ಎತ್ತಿ ಅದನ್ನು ಹಗ್ಗದ ಮೇಲೆ ಎಸೆದರು. ಅವರ ಪಕ್ಕದಲ್ಲಿ ನಾನು ಮೊಣಕಾಲನ್ನು ತುಸು ಮಡಚಿ, ಸಾಧ್ಯವಾದಷ್ಟು ಗಿಡ್ಡಾಗಿ ನಿಂತುಕೊಂಡೆ.