‘ಮೊದಲು ಓದಿರಿ’ ಕಡತದ ಘನತೆ ಹಾಗೂ ಮಂದ್ರೂಪದ ಗೋಡೆಯ ಐದು ಸಾಲು

ಇಲಾಖೆ (ಹೆಸರು ಪರಿಶೀಲನೆಯಲ್ಲಿದೆ), ಸೊಲ್ಲಾಪುರ
ಸಂಖ್ಯೆ: ಕುಲಸ/ಮೊಓ/೧೪/ಪುನಃ ತಿದ್ದಿದ್ದು
ದಿನಾಂಕ: ಸಹಿಯಾದ ದಿನ

ವಿಷಯ: ‘ಕುರಿ ಲಸಿಕೆ ಸರದಿ’ ತಂತ್ರಾಂಶದ ಪರಿಚಯ ಕಡತವನ್ನು ಗೌರವಯುತವಾಗಿ ಬರೆಯುವ ಬಗ್ಗೆ, ಮತ್ತು ಮಂದ್ರೂಪ ಕೇಂದ್ರದ ಗೋಡೆಗೆ ಅಂಟಿಸಿರುವ ಹಾಳೆಯನ್ನು ತೆಗೆಯುವ ಬಗ್ಗೆ.

ಉಲ್ಲೇಖ: ೧) ಇದೇ ವಿಷಯದ ಹಿಂದಿನ ಸುತ್ತೋಲೆ (ಸಿಕ್ಕಿಲ್ಲ). ೨) ಜವಾನ ಮಲ್ಲಯ್ಯನವರ ಲಿಖಿತ ಹೇಳಿಕೆ.

ಪ್ರಸ್ತಾವನೆ: ಕುರಿ ಸಾಕುವವರು ಲಸಿಕೆ ಗಾಡಿಯ ಸರದಿ ಚೀಟಿ ಪಡೆಯಲೆಂದು ಸದರಿ ತಂತ್ರಾಂಶವನ್ನು ಸಿದ್ಧಪಡಿಸಲಾಗಿದೆ. ಅದು ಏನು, ಎಲ್ಲಿಂದ ಶುರು ಮಾಡಬೇಕು ಎಂದು ಹೊಸಬರಿಗೆ ತಿಳಿಸಲು ‘ಮೊದಲು ಓದಿರಿ’ ಎಂಬ ಹದಿನಾಲ್ಕು ಪುಟಗಳ ಕಡತವನ್ನು ಹಿರಿಯ ಸಹಾಯಕ ಶ್ರೀ ಯೋಗಿರಾಜ ಅವರಿಂದ ಬರೆಸಲಾಗಿದೆ. ಅದೇ ವಾರ ಅವರು ಅಕ್ಕಲಕೋಟೆಯ ಮುದ್ರಣಾಲಯವೊಂದರಲ್ಲಿ ತಮ್ಮನ ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದುದರಿಂದ ಕಡತಕ್ಕೂ ಅದೇ ಮಾದರಿಯನ್ನು ಅನುಸರಿಸಲಾಗಿದೆ. ಇಲಾಖೆಗೆ ಇದರಲ್ಲಿ ದೋಷ ಕಂಡುಬಂದಿಲ್ಲ.

ಹೀಗಿರುವಾಗ, ಕಳೆದ ತಿಂಗಳ ಮೂರನೇ ಶನಿವಾರ ಸುಗಲಾಬಾಯಿ ಎಂಬುವವರು ಮಂದ್ರೂಪ ಕೇಂದ್ರಕ್ಕೆ ಬಂದಿರುತ್ತಾರೆ. ಮರುದಿನ ಮುಂಜಾನೆ ಅವರು ಅರವತ್ತೆರಡು ಕುರಿಗಳೊಡನೆ ಮೇವಿರುವ ಊರುಗಳ ಕಡೆ ಹೊರಡುವವರಿದ್ದರು. ಲಸಿಕೆ ಗಾಡಿ ಹನ್ನೆರಡಕ್ಕೆ ಹೊರಡುವುದಿತ್ತು. ಸರದಿ ಚೀಟಿ ಇಲ್ಲದ ಕುರಿಗೆ ಲಸಿಕೆ ಇಲ್ಲ. ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿದ್ದ ಕುಮಾರಿ ಶುಭಾಂಗಿ ತಂತ್ರಾಂಶ ತೆರೆದಾಗ ಅದು ಊರಿನ ನಂಬರ್ ಕೇಳಿತು. ನಂಬರಿಗಾಗಿ ಕಡತ ತೆರೆಯಲಾಯಿತು. ಹನ್ನೊಂದನೇ ಪುಟದಲ್ಲಿಯೂ ‘ಸ್ನೇಹಿತ ಬಳಗ’ದ ಹೆಸರುಗಳೇ ನಡೆದಿದ್ದವು.

ಮಲ್ಲಯ್ಯನವರ ಹೇಳಿಕೆಯ ಪ್ರಕಾರ, ‘ತಡೀರಿ ಆಯಿ, ಈಗಿನ್ನೂ ಸಾಹೇಬರ ಮಾವನ ಹೆಸರು ಬಂದದ’ ಎಂದು ಸದರಿ ಶುಭಾಂಗಿಯೂ, ‘ಇದು ಲಗ್ನಪತ್ರಿಕಿ ಅದ ನೋಡ ಯವ್ವಾ. ಮಂದಿ ಹೆಸರು ಓದ್ಕೋತ ಕುಂತ್ರ ಅಲ್ಲಿ ಅಕ್ಕಿಕಾಳು ಬಿದ್ದು ಊಟಾನೂ ಮುಗೀತದ. ಕಡೀಕ ಹೋಗು, ಲಗ್ನದ ಜಾಗಾ ಎಲ್ಲದ ಅಂತ ಸಣ್ಣ ಅಕ್ಷರದಾಗ ಹಾಕಿರ್ತಾರ’ ಎಂದು ಸದರಿ ಸುಗಲಾಬಾಯಿಯೂ ನುಡಿದಿರುತ್ತಾರೆ. ಕಡೆಯ ಪುಟದ ತಳದಲ್ಲಿ ‘ಸ್ಥಳ’ ಎಂಬುದರ ಕೆಳಗೆ ನಂಬರ್ ಸಿಕ್ಕಿದೆ. ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಸರದಿ ಚೀಟಿ ಬಂದಿದೆ. ಕುರಿಗಳಿಗೆ ಲಸಿಕೆಯಾಗಿದೆ.

ವಿಷಯ ಇಷ್ಟಕ್ಕೇ ನಿಂತಿದ್ದರೆ ಇಲಾಖೆ ಸುಮ್ಮನಿರುತ್ತಿತ್ತು. ಆದರೆ ಸದರಿ ಶುಭಾಂಗಿ ಅಂದೇ ಮಧ್ಯಾಹ್ನ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿಗೆ ಐದು ಸಾಲು ಬರೆದು ಗೋಡೆಗೆ ಅಂಟಿಸಿದ್ದಾರೆ. ಹೋಟಗಿ ಕೇಂದ್ರದ ಅಮೋಗಸಿದ್ಧ ಅದರ ಫೋಟೊ ಹೊಡೆದುಕೊಂಡಿದ್ದಾರೆ. ಈಗ ಅದು ಒಂಬತ್ತು ಕೇಂದ್ರಗಳಲ್ಲಿದೆ. ದಿನಕ್ಕೆ ನಲವತ್ತು ಸಲ ರಿಂಗಾಗುತ್ತಿದ್ದ ಶ್ರೀ ಯೋಗಿರಾಜರ ಫೋನು ನಿಂತುಹೋಗಿದ್ದು, ಫೋನು ಕೆಟ್ಟಿದೆಯೆಂದು ಭಾವಿಸಿ ಎರಡು ಬಾರಿ ದುರಸ್ತಿ ಮಾಡಿಸಲಾಗಿದೆ.

ಆದ್ದರಿಂದ ಎಲ್ಲ ಕೇಂದ್ರಗಳಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಕಡತದ ತಲೆಯ ಮೇಲೆ ‘ಬೀರೋಬಾ ಪ್ರಸನ್ನ’, ‘ಮೈಲಾರಲಿಂಗ ಪ್ರಸನ್ನ’ ಎಂದಿರತಕ್ಕದ್ದು. ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ಆ ಜಾಗದಲ್ಲಿ ಬರೆಯತಕ್ಕದ್ದಲ್ಲ.

೨. ತಂತ್ರಾಂಶವನ್ನು ಎಂದೂ ನೋಡದ ಅಧಿಕಾರಿಗಳ ಹೆಸರು ದಪ್ಪ ಅಕ್ಷರದಲ್ಲಿಯೂ, ಒಮ್ಮೆ ನೋಡಿದವರದು ಸಾದಾ ಅಕ್ಷರದಲ್ಲಿಯೂ ಬರತಕ್ಕದ್ದು. ಅದನ್ನು ಮಾಡಿದವರ ಹೆಸರನ್ನು ಜಾಗ ಉಳಿದಲ್ಲಿ ಪರಿಶೀಲಿಸಲಾಗುವುದು.

೩. ಲಸಿಕೆ ಗಾಡಿಯ ಚಾಲಕ ಶ್ರೀ ಧರೆಪ್ಪನವರ ಹೆಸರು ಜವಾನರ ಹೆಸರಿನ ಕೆಳಗೆ ಬಂದ ಬಳಿಕ ಮೂರು ದಿನ ಗಾಡಿಯ ಬ್ಯಾಟರಿ ಇಳಿದಿತ್ತು. ಇನ್ನು ಮುಂದೆ ಯಾರೂ ಯಾರ ಕೆಳಗೂ ಬಾರದಂತೆ ಹೆಸರುಗಳನ್ನು ವೃತ್ತಾಕಾರದಲ್ಲಿ ಮುದ್ರಿಸತಕ್ಕದ್ದು. ಓದುವವರು ಕಾಗದವನ್ನು ತಿರುಗಿಸತಕ್ಕದ್ದು. ಕಂಪ್ಯೂಟರಿನಲ್ಲಿ ಓದುವವರು ತಾವೇ ತಿರುಗತಕ್ಕದ್ದು.

೪. ಕಡೆಯ ಪುಟದಲ್ಲಿ ಉಳಿದುಕೊಂಡಿರುವ ‘ನಮ್ಮ ಕಾಕಾನ ಲಗ್ನಕ್ಕ ನಕ್ಕೀ ಬರ್ರಿ ಹಾಂ!’ ಎಂಬ, ಮಕ್ಕಳ ಹೆಸರಿನಲ್ಲಿ ಹಾಕಿರುವ ಸಾಲನ್ನು (‘ನಕ್ಕೀ’ ಎಂದರೆ ಖಂಡಿತ) ‘ನಮ್ಮ ಕಾಕಾನ ತಂತ್ರಾಂಶಕ್ಕ ನಕ್ಕೀ ಬರ್ರಿ ಹಾಂ!’ ಎಂದು ತಿದ್ದತಕ್ಕದ್ದು. ಚಿಕ್ಕ ಮಕ್ಕಳಿಲ್ಲದ ಕೇಂದ್ರಗಳು ನೆರೆಯ ಕೇಂದ್ರದಿಂದ ಹೆಸರುಗಳನ್ನು ಎರವಲು ತರತಕ್ಕದ್ದು.

೫. ಶುರು ಮಾಡುವ ಕ್ರಮವನ್ನು ಬರೆಯುವ ಅಗತ್ಯವಿಲ್ಲ. ಅದು ಗೊತ್ತಿದ್ದವರು ಕಡತ ಓದುವುದಿಲ್ಲ. ಗೊತ್ತಿಲ್ಲದವರು ಹೇಗೂ ಫೋನ್ ಮಾಡುತ್ತಾರೆ.

೬. ಮೇಲ್ಕಂಡ ಗೋಡೆ ಹಾಳೆಯನ್ನು ಮುಂದಿನ ಲಸಿಕೆ ಶನಿವಾರದ ಒಳಗೆ ತೆಗೆಯತಕ್ಕದ್ದು. ಯಾವ ಹಾಳೆ ಎಂದು ಗೊಂದಲವಾಗಬಾರದೆಂದು ಅದನ್ನು ಇಲ್ಲಿ ಪೂರ್ತಿಯಾಗಿ ಮುದ್ರಿಸಲಾಗಿದೆ:

ಕುರಿ ಚಿತ್ರದ ಮ್ಯಾಲ ಎರಡ ಸಲ ಒತ್ರಿ.
ಊರ ನಂಬರ್ ಕೇಳ್ತದ. ಮಂದ್ರೂಪ ೧೭, ಹೋಟಗಿ ೨೩.
ಮಾಲಕರ ಹೆಸರು, ಕುರಿ ಎಷ್ಟು, ಮರಿ ಎಷ್ಟು, ಬರೀರಿ.
ಹಸಿರು ಬಟನ್ ಒಂದ ಸಲ ಒತ್ರಿ. ಚೀಟಿ ಬರೂತನಕ ಮತ್ತ ಒತ್ತಬ್ಯಾಡ್ರಿ.
ಬರಲಿಲ್ಲಂದ್ರ ನನಗ ಫೋನ್ ಹಚ್ರಿ. ಅಂಜಬ್ಯಾಡ್ರಿ, ಏನೂ ಕೆಡೂದಿಲ್ಲ. ಶುಭಾಂಗಿ, ಮಂದ್ರೂಪ.

೭. ಈ ಸುತ್ತೋಲೆಯನ್ನು ಎಲ್ಲರಿಗೂ ಕಾಣುವಂತೆ, ಕಂಪ್ಯೂಟರಿನ ಪಕ್ಕದಲ್ಲಿ, ಖಾಯಂ ಆಗಿ ಅಂಟಿಸತಕ್ಕದ್ದು.

೮. ಗೋಡೆಯ ಮೇಲಿರುವುದು ಅದೇ ಹಾಳೆ ಹೌದೋ ಅಲ್ಲವೋ ಎಂಬ ಸಂಶಯವಿದ್ದಲ್ಲಿ ಅದರಲ್ಲಿರುವಂತೆ ಒಮ್ಮೆ ಮಾಡಿ ನೋಡತಕ್ಕದ್ದು. ಸರದಿ ಚೀಟಿ ಬಂದರೆ ಅದೇ ಎಂದು ತಿಳಿಯತಕ್ಕದ್ದು. ತೆಗೆಯುವ ಮುನ್ನ ಖಂಡ ೩ರ ವೃತ್ತದಲ್ಲಿರುವ ಎಲ್ಲರ ಸಹಿ ಪಡೆಯತಕ್ಕದ್ದು. ಯಾರಿಂದ ಶುರು ಮಾಡಬೇಕೆಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

ಸಹಿ/-
(ನಾಗಣ್ಣ)
ಉಪನಿರ್ದೇಶಕರು, ಪರಿಚಯ ವಿಭಾಗ

ಪ್ರತಿಗಳು:
೧. ಎಲ್ಲ ಕೇಂದ್ರಗಳ ಗೋಡೆಗಳಿಗೆ.
೨. ಶ್ರೀ ಧರೆಪ್ಪ, ಚಾಲಕರು: ಹೆಸರು ಕೆಳಗೆ ಕಂಡಲ್ಲಿ ಕಾಗದ ತಿರುಗಿಸಿಕೊಳ್ಳಲು.
೩. ಶ್ರೀಮತಿ ಸುಗಲಾಬಾಯಿ: ವಿಳಾಸವು ಕುರಿಗಳೊಡನೆ ಮುಂದೆ ಸಾಗುತ್ತಿದ್ದು, ಪ್ರತಿಯು ಹಿಂಬಾಲಿಸುತ್ತಿದೆ.
೪. ಕುಮಾರಿ ಶುಭಾಂಗಿ: ಕಾರಣ ಕೇಳುವ ನೋಟಿಸಿನೊಂದಿಗೆ. ಉತ್ತರವು ಹದಿನಾಲ್ಕು ಪುಟಕ್ಕೆ ಕಡಿಮೆ ಇರತಕ್ಕದ್ದಲ್ಲ.
೫. ಶ್ರೀ ಯೋಗಿರಾಜ, ಹಿರಿಯ ಸಹಾಯಕರು: ತಾವು ಉಪನಿರ್ದೇಶಕರಿಗೆ ತಂತ್ರಾಂಶ ನಡೆಸಿ ತೋರಿಸಿದ ದಿನ ತಮ್ಮ ಮೇಜಿನ ಗಾಜಿನ ಕೆಳಗಿದ್ದ ಸದರಿ ಗೋಡೆ ಹಾಳೆಯ ಪ್ರತಿಯನ್ನು ಕೂಡಲೇ ಕಳುಹಿಸಿಕೊಡಲು. ಉಪನಿರ್ದೇಶಕರಿಗೆ ಬೇಕಾಗಿದೆ.